ಒಡವೆಯನ್ನು ತೋರುವ ಬಗೆ

ಒಳ್ಳೆಯ ಪದಾರ್ಥಕ್ಕೆ ತೋರಿಕೆ ಬೇಕಾಗಿಲ್ಲವೆಂಬ ನಂಬಿಕೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಅಂಗಡಿಯವನು ಸರಕನ್ನು ಚೆಲುವಾಗಿ ಜೋಡಿಸಿಟ್ಟಷ್ಟೂ ನಮ್ಮ ಹಿರಿಯರಿಗೆ ಅನುಮಾನ ಹೆಚ್ಚುತ್ತಿದ್ದಿತು. “ಬೆಳ್ಳಗಿರುವುದೆಲ್ಲ ಹಾಲಲ್ಲ” ಎಂದು ತಮಗೆ ತಾವೇ ಹೇಳಿಕೊಂಡು ಅವರು ಮುಂದಿನ ಅಂಗಡಿಗೆ ನಡೆಯುತ್ತಿದ್ದರು. ಈ ಎಚ್ಚರಿಕೆ ತಪ್ಪೆಂದು ನಾನು ಹೇಳಲಾರೆ. ಆದರೆ ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ಹಾಲನ್ನೇ ಮಸಿಹಿಡಿದ ಪಾತ್ರೆಯಲ್ಲಿ ತಂದಿಟ್ಟರೆ ಕುಡಿಯುವವರಾರು? ಕೈಯಿಂದ ಒಡವೆ ಮಾಡಿ ಸಂತೆಯಲ್ಲಿಯೂ ಜಾತ್ರೆಯಲ್ಲಿಯೂ ಮಾರುವವರ ಪಾಲಿಗೆ ಇದು ವಿನೋದದ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ. ಒಡವೆಯನ್ನು ಮಾಡುವುದು ಅರ್ಧ ಕೆಲಸ, ಅದನ್ನು ತೋರುವುದು ಉಳಿದರ್ಧ ಎಂಬ ಮಾತನ್ನು ಸ್ವಲ್ಪ ವಿವರಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಹಿಂದಿನ ಕಾಲದ ಅಕ್ಕಸಾಲಿಗೆ ಈ ಚಿಂತೆ ಇರಲಿಲ್ಲ. ಒಂದೊಂದು ಮನೆತನಕ್ಕೂ ಗೊತ್ತಾದ ಅಕ್ಕಸಾಲಿಯೊಬ್ಬನು ಇರುತ್ತಿದ್ದನು. ಮನೆಯಲ್ಲಿ ಮದುವೆ ನಿಶ್ಚಯವಾದೊಡನೆ ಯಜಮಾನಿತಿಯು ಹಳೆಯ ಚಿನ್ನವನ್ನು ಗಂಟುಕಟ್ಟಿ ತಂದು, ಅವನ ಅಗ್ಗಿಷ್ಟಿಕೆಯ ಮುಂದೆ ಕುಳಿತು, ತೂಕ ಹಾಕಿಸಿ, ಮಾದರಿಯನ್ನು ತಿಳಿಸಿ ಹೋಗುತ್ತಿದ್ದಳು. ಒಡವೆ ಹುಟ್ಟುವುದಕ್ಕೆ ಮೊದಲೇ ಅದಕ್ಕೆ ಒಡತಿ ಇದ್ದಳು. ಇನ್ನು ತೋರುವುದು ಯಾರಿಗೆ? ಆದರೂ ಕೆಲಸ ಮುಗಿದ ಮೇಲೆ ಅವನು ಅದನ್ನು ತೆಳುವಾದ ಗುಲಾಬಿಬಣ್ಣದ ಕಾಗದದಲ್ಲಿ ಸುತ್ತಿಯೇ ಕೊಡುತ್ತಿದ್ದನು. ಮನೆಗೆ ಬಂದು ಆ ಸುತ್ತನ್ನು ಮೆಲ್ಲನೆ ಬಿಡಿಸಿದಾಗ, ಕಾಗದದ ಕೆಂಪು ಛಾಯೆ ಚಿನ್ನದ ಹಳದಿಗೆ ತಾಕಿ ಬಣ್ಣವು ಬೆಚ್ಚಗೆ ಕಾಣುತ್ತಿದ್ದಿತು. ಒಂದು ಹಾಳೆಯಲ್ಲಿಯೇ ಅವನ ಪ್ರದರ್ಶನವೆಲ್ಲ ಮುಗಿಯುತ್ತಿದ್ದಿತು. ಈ ಪದ್ಧತಿ ಚಿನಿವಾರಪೇಟೆಗಳಲ್ಲಿ ಇಂದಿಗೂ ಅಳಿದಿಲ್ಲ.

ಬಳೆಗಾರನ ವಿಧಾನವು ಇದಕ್ಕಿಂತಲೂ ಜಾಣತನದ್ದು. ಅವನು ಮಲಾರವನ್ನು ಹೆಗಲಿನಿಂದ ಇಳಿಸಿ ಜಗಲಿಯ ಮೇಲೆ ಕುಳಿತನೆಂದರೆ ಮನೆಯ ಹೆಣ್ಣುಮಕ್ಕಳೆಲ್ಲರೂ ಸುತ್ತ ನೆರೆಯುತ್ತಿದ್ದರು. ಹಸುರು, ಕೆಂಪು, ಹಳದಿ ಎಂದು ಬಳೆಗಳು ಸಾಲುಸಾಲಾಗಿ ಕಾಣುತ್ತಿದ್ದುದು ನಿಜ. ಆದರೆ ಅವನು ಆ ಸಾಲನ್ನು ನೆಚ್ಚಿ ಕೂಡುತ್ತಿರಲಿಲ್ಲ. ಬೆಲೆಯ ಮಾತೆತ್ತುವುದಕ್ಕೆ ಮೊದಲೇ ಕೈಯನ್ನು ಹಿಡಿದು, ಬೆರಳುಗಳನ್ನು ಒತ್ತಿ ಕೂಡಿಸಿ, ಒಂದು ಬಳೆಯನ್ನು ಏರಿಸಿಬಿಡುತ್ತಿದ್ದನು. ಕೈಗೇರಿದ ಬಳೆಯನ್ನು ಮರಳಿ ಕಳಚುವ ಮನಸ್ಸು ಯಾರಿಗೆ ಬಂದೀತು? ಕೊಳ್ಳುವವಳ ಮುಂಗೈಯೇ ಅವನ ಪ್ರದರ್ಶನದ ಹಲಗೆಯಾಗಿದ್ದಿತು.

ನಮ್ಮ ಶಿಲ್ಪಿಗಳೂ ಈ ಮರ್ಮವನ್ನು ಬಲ್ಲವರೇ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಹೋದವರು ಅಲ್ಲಿಯ ಮದನಿಕೆಯರನ್ನು ಒಡವೆಗಳ ದೃಷ್ಟಿಯಿಂದ ಒಮ್ಮೆ ನೋಡಬೇಕು. ಹಾರವು ಎದೆಯ ಮೇಲೆ ಇಳಿದುಬರುವ ಬಳುಕು, ತೋಳಬಂದಿಯು ತೋಳನ್ನು ಅಪ್ಪಿರುವ ಬಿಗಿ, ಕಿವಿಯ ಓಲೆಯ ಭಾರ, ಇವೆಲ್ಲವೂ ಕಲ್ಲಿನಲ್ಲಿದ್ದರೂ ಕಣ್ಣಿಗೆ ತಿಳಿಯುತ್ತವೆ. ಒಡವೆಯ ಪೂರ್ಣರೂಪವು ಮೈಮೇಲೆಯೇ ಕಾಣತಕ್ಕದ್ದು. ಮೇಜಿನ ಮೇಲೆ ಮಲಗಿಸಿದ ಸರವು ಬರಿಯ ದಾರ. ಆದುದರಿಂದ ಅಂಗಡಿಯಲ್ಲಿ ನಾವು ಮಾಡುವ ಏರ್ಪಾಡುಗಳೆಲ್ಲವೂ ಅಲ್ಲಿ ಇಲ್ಲದಿರುವ ಆ ಮೈಯನ್ನು ನೋಡುವವರ ಮನಸ್ಸಿಗೆ ತರುವ ಉಪಾಯಗಳೆಂದು ತಿಳಿಯಬೇಕು.

ಇಂದು ಕೈಕೆಲಸದ ಒಡವೆಗಳನ್ನು ಮಾಡುವವರ ಸ್ಥಿತಿ ಅಕ್ಕಸಾಲಿಯದೂ ಅಲ್ಲ, ಬಳೆಗಾರನದೂ ಅಲ್ಲ. ಚನ್ನಪಟ್ಟಣದ ಅರಗಿನ ಮಣಿಗಳು, ಸುಟ್ಟ ಮಣ್ಣಿನ ಜುಮುಕಿಗಳು, ಲಂಬಾಣಿ ಹೆಂಗಸರು ಕವಡೆ ಕನ್ನಡಿಗಳನ್ನು ಕೂಡಿಸಿ ಹೊಲಿದ ಕೊರಳಪಟ್ಟಿಗಳು, ಇವುಗಳಿಗೆ ಮೊದಲೇ ಗೊತ್ತಾದ ಒಡತಿ ಇಲ್ಲ. ಮಾಡಿದವರು ಒಂದು ಮೇಜನ್ನೋ ಒಂದು ಚಾಪೆಯನ್ನೋ ಹಾಸಿ ಕುಳಿತಿರುವರು. ಎದುರಿಗೆ ಅಪರಿಚಿತರಾದ ಜನ ಹೊಳೆಯಂತೆ ಹರಿದುಹೋಗುತ್ತಿರುವರು. ಒಬ್ಬೊಬ್ಬರ ಕಣ್ಣೂ ಅಲ್ಲಿ ನಿಲ್ಲುವುದು ಎರಡು ಮೂರು ಗಳಿಗೆಯಲ್ಲ, ಎರಡು ಮೂರು ಕ್ಷಣ. ಅಷ್ಟರಲ್ಲಿ ಒಂದು ವಾರದ ದುಡಿಮೆ ತನ್ನ ಮಾತನ್ನು ಹೇಳಿ ಮುಗಿಸಬೇಕು.

ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕಮಾಸದ ಕಡೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯನ್ನು ವಾಚಕರು ನೋಡಿಲ್ಲದಿದ್ದರೂ ಕೇಳಿ ಬಲ್ಲರು. ದೊಡ್ಡಬಸವಣ್ಣನ ಗುಡಿಯ ರಸ್ತೆಯ ಇಕ್ಕೆಲಗಳಲ್ಲಿಯೂ ಕಡಲೆಕಾಯಿಯ ರಾಶಿ. ನಡುನಡುವೆ ಬಳೆ, ಮಣಿಸರ, ಆಟದ ಸಾಮಾನು. ಕೆಲವು ವರ್ಷಗಳ ಹಿಂದೆ ಅಲ್ಲಿ ಒಬ್ಬ ಹುಡುಗಿ ಸುಟ್ಟ ಮಣ್ಣಿನ ಓಲೆಗಳನ್ನು ಮಾರುತ್ತಿದ್ದುದನ್ನು ಕಂಡೆನು. ನೀಲಿಯ ಪ್ಲಾಸ್ಟಿಕ್ ಹಾಳೆಯ ಮೇಲೆ ನೂರಾರು ಓಲೆಗಳನ್ನು ಅವಳು ಸುರಿದಿದ್ದಳು. ಬಂದವರು ಕೈಯಿಟ್ಟು ಕೆದಕುವರು, ಜೊತೆ ಸಿಕ್ಕದೆ ಬೇಸತ್ತು ಎದ್ದುಹೋಗುವರು. ಒಂದೆರಡು ಓಲೆಗಳ ದಳ ಆಗಲೇ ಮುರಿದಿದ್ದಿತು. ಹಾಸ್ಯಗಾರನೊಬ್ಬನು “ಸೇರು ಎಷ್ಟಮ್ಮ?” ಎಂದು ಕೇಳಿ ನಕ್ಕು ಮುಂದೆ ಹೋದನು. ಹುಡುಗಿಯ ಮುಖ ಸಣ್ಣದಾಯಿತು.

ಪಕ್ಕದಲ್ಲಿ ಬಳೆ ಮಾರುತ್ತಿದ್ದ ಮುದುಕಿ ಇದನ್ನೆಲ್ಲ ನೋಡುತ್ತಲೇ ಇದ್ದಳು.

“ಏನು ಮಗಾ, ಇವೆಲ್ಲ ನಿನ್ನ ಕೈಯಲ್ಲಿ ಮಾಡಿದ್ದಾ?”

“ಹೌದಜ್ಜಿ. ಒಂದು ಜೊತೆಗೆ ಅರ್ಧ ದಿನ ಹಿಡಿಯುತ್ತದೆ. ಆಮೇಲೆ ನೆರಳಲ್ಲಿ ಒಣಗಿಸಬೇಕು, ಸುಡಬೇಕು, ಬಣ್ಣ ಹಾಕಬೇಕು. ಇನ್ನು ಇದನ್ನು ಬಿಟ್ಟುಬಿಡೋಣ ಅನ್ನಿಸಿದೆ.”

“ಬಿಡೋದು ಯಾಕವ್ವಾ? ರಾಶಿ ಹಾಕೋದು ಕಡಲೇಕಾಯಿಗೆ ಸರಿ. ರಾಶಿ ಕಂಡರೆ ಜನಕ್ಕೆ ಅಗ್ಗ ಅನ್ನಿಸ್ತದೆ. ಓಲೇನ ಹಂಗೆ ಸುರೀತಾರಾ? ಮನೆಗೆ ಬಂದ ನೆಂಟರನ್ನ ರಾಶಿ ಹಾಕಿ ಕೂರಿಸ್ತೀಯಾ? ಒಬ್ಬೊಬ್ಬರಿಗೂ ಒಂದೊಂದು ಮಣೆ ಹಾಕು.”

ಹೀಗೆಂದು ಅವಳು ತನ್ನ ಬರಿದಾದ ರಟ್ಟಿನ ಪೆಟ್ಟಿಗೆಗಳನ್ನು ಇತ್ತ ನೂಕಿದಳು. ಅವನ್ನು ಮೆಟ್ಟಿಲಿನಂತೆ ಜೋಡಿಸಿ, ಹುಡುಗಿಯ ಕಪ್ಪು ದುಪಟ್ಟಿಯನ್ನು ಮೇಲೆ ಹೊದಿಸಿ, ಹನ್ನೆರಡು ಜೊತೆಗಳನ್ನು ಮಾತ್ರ ದೂರದೂರವಾಗಿ ಇಡಿಸಿ, ಉಳಿದವನ್ನು ಚೀಲಕ್ಕೆ ಸೇರಿಸಿದರು. ಮುದುಕಿ ತನ್ನ ಕನ್ನಡಿಯನ್ನು ಇಬ್ಬರಿಗೂ ಆಗುವಂತೆ ನಡುವೆ ಇಟ್ಟಳು. ದೀಪ ಹೊತ್ತಿಸುವ ಹೊತ್ತಿಗೆ ನಾನು ಮತ್ತೆ ಆ ದಾರಿಯಲ್ಲಿ ಬಂದಾಗ ಇಬ್ಬರು ಹೆಂಗಸರು ಅಲ್ಲಿ ಕುಳಿತಿದ್ದರು. ಅವರು ಕೆದಕುತ್ತಿರಲಿಲ್ಲ, ಎರಡು ಬೆರಳುಗಳಿಂದ ಒಂದು ಓಲೆಯನ್ನು ಎತ್ತಿ ಕಿವಿಯ ಬಳಿ ಹಿಡಿದು ಕನ್ನಡಿ ನೋಡುತ್ತಿದ್ದರು. ಸರಕೆಲ್ಲ ಮಾರಾಟವಾಯಿತೆಂದು ಹೇಳಲಾರೆ. ಚೀಲ ಇನ್ನೂ ತುಂಬಿಯೇ ಇದ್ದಿತು. ಆದರೆ ಸೇರಿನ ಬೆಲೆಯನ್ನು ಆಮೇಲೆ ಯಾರೂ ಕೇಳಿದಂತೆ ಕಾಣಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ವಿಜಯನಗರದ ಬೀದಿಗಳಲ್ಲಿ ಮುತ್ತುರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರೆಂದು ನಮ್ಮ ಜನ ಹೆಮ್ಮೆಯಿಂದ ಹೇಳುವರಷ್ಟೆ. ರಾಶಿ ಅಲ್ಲಿ ಸಲ್ಲುವುದಾದರೆ ಇಲ್ಲೇಕೆ ಸಲ್ಲದು? 1520ರ ಸುಮಾರಿನಲ್ಲಿ ಕೃಷ್ಣದೇವರಾಯನ ರಾಜಧಾನಿಯನ್ನು ನೋಡಿದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸನು ಅಲ್ಲಿಯ ಬೀದಿಯಲ್ಲಿ ಮಾಣಿಕ್ಯ, ವಜ್ರ, ಪಚ್ಚೆ, ಮುತ್ತುಗಳ ವ್ಯಾಪಾರವನ್ನು ಕಂಡುದಾಗಿ ಬರೆದಿರುವುದೂ ನಿಜವೇ. ಆದರೆ ರತ್ನವು ಬೇರೆ, ಒಡವೆ ಬೇರೆ. ರತ್ನಗಳ ರಾಶಿ ದೇಶದ ಸಿರಿಯನ್ನು ಹೇಳುವುದು. ನೋಡಿದವನು ಬೆರಗಾಗಬೇಕು, ಅಷ್ಟೆ. ಒಡವೆಯಾದರೋ ಒಬ್ಬರ ಕೈಯ ವಿವೇಕವನ್ನು ಹೇಳತಕ್ಕದ್ದು. ಮಾತು ಕೇಳಿಸಬೇಕಾದರೆ ಒಬ್ಬೊಬ್ಬರಾಗಿ ಮಾತನಾಡಬೇಕು. ಎಲ್ಲರೂ ಒಟ್ಟಿಗೆ ಮಾತನಾಡಿದರೆ ಸಂತೆಯ ಗದ್ದಲ.

ವಿಚಿತ್ರವೇನೆಂದರೆ, ಈ ವಿದ್ಯೆ ನಮ್ಮ ಮನೆಗಳಿಗೆ ಹೊಸದಲ್ಲ. ದಸರೆಯಲ್ಲಿ ಗೊಂಬೆ ಕೂರಿಸುವ ಮನೆಯ ಹೆಣ್ಣುಮಕ್ಕಳೆಲ್ಲರೂ ಇದನ್ನು ಬಲ್ಲರು. ಹಂತಗಳನ್ನು ಕಟ್ಟಿ, ಬಟ್ಟೆ ಹಾಸಿ, ಪಟ್ಟದ ಗೊಂಬೆಗಳನ್ನು ಮೇಲಿನ ಹಂತದಲ್ಲಿಟ್ಟು, ಒಂದು ಗೊಂಬೆ ಇನ್ನೊಂದನ್ನು ಮರೆಮಾಡದಂತೆ ಸಣ್ಣವನ್ನು ಮುಂದಕ್ಕೂ ದೊಡ್ಡವನ್ನು ಹಿಂದಕ್ಕೂ ಇಡುವರು. ಒಡವೆಯ ಅಂಗಡಿಗೆ ಇದಕ್ಕಿಂತ ಹೆಚ್ಚಿನ ಪಾಠ ಬೇಕಾಗಿಲ್ಲ. ಮೇಜು ಸೊಂಟದೆತ್ತರ ಇರುವುದು. ನಿಂತು ನಡೆಯುವವರ ಕಣ್ಣು ಅದಕ್ಕಿಂತ ಬಹಳ ಮೇಲಿರುವುದು. ಅತ್ಯುತ್ತಮವಾದ ಒಂದು ಸರವನ್ನು ಪಟ್ಟದ ಗೊಂಬೆಯಂತೆ ಎತ್ತರದಲ್ಲಿ, ಕೊರಳಿನಾಕಾರದ ಹಲಗೆಗೆ ತೊಡಿಸಿ ನಿಲ್ಲಿಸಿದರೆ, ಅದು ಎಲ್ಲಿಗೆ ಇಳಿದು ಎಲ್ಲಿ ನಿಲ್ಲುವುದೆಂದು ದೂರದಿಂದಲೇ ತಿಳಿಯುವುದು. ಜುಮುಕಿಗಳನ್ನು ದಾರದಿಂದ ತೂಗುಹಾಕಬೇಕು. ಅಲುಗಾಡುವುದೇ ಜುಮುಕಿಯ ಜೀವ. ಬಳೆಗಳಿಗೆ ಅಡ್ಡಲಾಗಿ ಕಟ್ಟಿದ ಕೋಲು ಸಾಕು. ಕನ್ನಡಿಯಂತೂ ಇರಲೇಬೇಕು, ಕನ್ನಡಿಯಿಲ್ಲದ ಒಡವೆಯಂಗಡಿ ದೀಪವಿಲ್ಲದ ಗರ್ಭಗುಡಿಯಂತೆ. ಬೆಲೆಯ ಚೀಟಿಯನ್ನೂ ಕಟ್ಟಿಡುವುದು ಮೇಲು. ಕೇಳಲು ಸಂಕೋಚಪಟ್ಟು ಹಿಂದಿರುಗುವ ಮರ್ಯಾದಸ್ಥರು ಚೌಕಾಸಿಯವರಿಗಿಂತ ಹೆಚ್ಚಾಗಿರುವರು.

ಹಾಸುವ ಬಟ್ಟೆ, ಬೀಳುವ ಬೆಳಕು, ಇವುಗಳ ವಿಷಯದಲ್ಲಿ ಒಂದೊಂದು ಪದಾರ್ಥಕ್ಕೂ ಒಂದೊಂದು ಸ್ವಭಾವವಿದೆ. ಚಿನ್ನವು ನೀಲಿಯ ಬೆಳಕನ್ನು ಹೀರಿಕೊಂಡು ಕೆಂಪು ಹಳದಿಗಳನ್ನು ಹಿಂದಿರುಗಿಸುವುದು. ಆದುದರಿಂದ ಅದಕ್ಕೆ ಬೆಚ್ಚನೆಯ ದೀಪವೂ ಕೆಂಪು ಮಕಮಲ್ಲೂ ಒಪ್ಪುವುವು. ಬೆಳ್ಳಿಯು ಬಣ್ಣಗಳನ್ನೆಲ್ಲ ಹೆಚ್ಚುಕಡಿಮೆ ಸಮನಾಗಿ ಹಿಂದಿರುಗಿಸುವುದರಿಂದ ಅದಕ್ಕೆ ಬಿಳಿಯ ಹಗಲು ಬೆಳಕೂ ಕಡುನೀಲಿ ಅಥವಾ ಕಪ್ಪು ಬಟ್ಟೆಯೂ ತಕ್ಕವು. ಆ ಬಟ್ಟೆ ಉಣ್ಣೆಯದಾಗಿರಬಾರದು. ಉಣ್ಣೆಯಲ್ಲಿಯೂ ರಬ್ಬರಿನಲ್ಲಿಯೂ ಗಂಧಕವಿರುವುದರಿಂದ ಬೆಳ್ಳಿ ಬೇಗನೆ ಕಪ್ಪಾಗುವುದು. ನೂಲಿನ ಬಟ್ಟೆಯೇ ಕ್ಷೇಮ. ಮುತ್ತಿಗೆ ಬಿಸಿಯಾದ ದೀಪ ಶತ್ರು. ಅದರ ತೇವವಾರಿದರೆ ಕಾಂತಿ ಕುಂದುವುದು. ಮುತ್ತಿನ ಸರವನ್ನು ಬಹುದಿನ ತೂಗುಹಾಕಿದರೆ ರೇಷ್ಮೆಯ ದಾರ ಜಗ್ಗುವುದು. ಚನ್ನಪಟ್ಟಣದ ಮಣಿಯಲ್ಲಿ, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಾಟದ ಬಿಸಿಗೇ ಅರಗು ಕರಗಿ ಹತ್ತುವುದು. ಬಿಸಿಯಿಂದ ಬಂದುದು ಬಿಸಿಗೇ ಅಂಜುವುದು ಸಹಜ. ಆ ಮಣಿಗಳನ್ನು ಸುಡುಬಿಸಿಲಿನಲ್ಲಿ ಇಡಬಾರದು. ಅರಿಸಿನದಿಂದ ಹಳದಿ ಕಟ್ಟಿದ್ದರಂತೂ ಬಿಸಿಲಿಗೆ ಬಣ್ಣ ಮಾಸುವುದು. ಮಣ್ಣಿನ ಒಡವೆಗೆ ಒರಟು ನೇಯ್ಗೆಯ ಬಿಳಿ ಖಾದಿ, ಒಂದು ಹಿಡಿ ಬತ್ತ ಅಥವಾ ರಾಗಿ ಹರಡಿದ ತಟ್ಟೆ, ಇವೇ ಚೆನ್ನ. ಮಕಮಲ್ಲಿನ ಮೇಲೆ ಅದು ಯಾರದೋ ಉಡುಪನ್ನು ಎರವಲು ತಂದಂತೆ ಕಾಣುವುದು.

ಇಷ್ಟು ಹೇಳಿದ ಮೇಲೆ ಹಿರಿಯರ ಅನುಮಾನಕ್ಕೂ ಉತ್ತರ ಹೇಳಬೇಕು. ಚೆನ್ನಾಗಿ ತೋರುವುದಕ್ಕೂ ಮೋಸ ಮಾಡುವುದಕ್ಕೂ ನಡುವಣ ಗೆರೆ ಎಲ್ಲಿದೆ? ಇದ್ದ ಗುಣವನ್ನು ಕಾಣಿಸುವ ದೀಪ ಸತ್ಯದ್ದು, ಇಲ್ಲದ ಗುಣವನ್ನು ಕಾಣಿಸುವ ದೀಪ ಸುಳ್ಳಿನದು ಎಂದು ನಾನು ತಿಳಿದಿದ್ದೇನೆ. ಹಳದಿಯ ದೀಪದ ಕೆಳಗೆ ಹಿತ್ತಾಳೆಯೂ ಹೊನ್ನಾಗಿ ಮೆರೆಯಬಲ್ಲುದು. ಜರ್ಮನ್ ಸಿಲ್ವರ್ ಎಂಬುದರ ಹೆಸರಿನಲ್ಲಿ ಮಾತ್ರ ಬೆಳ್ಳಿಯಿದೆ. ಅದು ತಾಮ್ರ, ನಿಕಲ್, ಸತುವುಗಳ ಮಿಶ್ರಣ, ಮತ್ತು ನಿಕಲ್ ಕೆಲವರ ಚರ್ಮಕ್ಕೆ ತುರಿಕೆ ತರುವುದು. ಇದನ್ನು ಚೀಟಿಯಲ್ಲಿ ಬರೆದಿಡುವುದು ಮಾರುವವರ ಧರ್ಮ. ಚಿನ್ನದ ವಿಷಯದಲ್ಲಿ ಸರಕಾರವೇ ಸಾಕ್ಷಿ ನಿಂತಿದೆ. 2000ದಲ್ಲಿ ಆರಂಭವಾದ ಹಾಲ್‌ಮಾರ್ಕ್ ಮುದ್ರೆಯನ್ನು 2021ರ ಜೂನ್ 16ರಿಂದ 256 ಜಿಲ್ಲೆಗಳಲ್ಲಿ ಕಡ್ಡಾಯಮಾಡಿದರು. 2023ರ ಏಪ್ರಿಲ್ 1ರಿಂದ ಅದರ ಜೊತೆಗೆ ಒಂದೊಂದು ಒಡವೆಗೂ ಅಕ್ಷರ ಅಂಕೆಗಳು ಕೂಡಿದ ಆರು ಸ್ಥಾನದ ಗುರುತು ಇರಲೇಬೇಕೆಂದಾಯಿತು. 916 ಎಂದು ಕಂಡರೆ ಸಾವಿರ ಪಾಲಿನಲ್ಲಿ ಅಷ್ಟು ಪಾಲು ಚಿನ್ನವೆಂದರ್ಥ. ಮಣ್ಣಿಗೂ ಮರಕ್ಕೂ ಕವಡೆಗೂ ಇಂತಹ ಮುದ್ರೆಯಿಲ್ಲ. ಅಲ್ಲಿ ಮಾಡಿದವರ ಮಾತೇ ಮುದ್ರೆ.

ಆ ಮಾತನ್ನು ಆಡಿಸುವುದಕ್ಕಾಗಿಯೇ ಪ್ರದರ್ಶನ ಬೇಕಾಗಿರುವುದು. ಯಂತ್ರವು ಒಂದು ಅಚ್ಚಿನಿಂದ ಸಾವಿರ ಓಲೆಗಳನ್ನು ಒತ್ತಿ ತೆಗೆಯುವುದು. ರಾಶಿಯಲ್ಲಿ ಯಂತ್ರವನ್ನು ಗೆಲ್ಲುವ ಕೈ ಇನ್ನೂ ಹುಟ್ಟಿಲ್ಲ. ಕೈಕೆಲಸದ ಒಡವೆಯಲ್ಲಿ ಎಡದ ಓಲೆಗೂ ಬಲದ ಓಲೆಗೂ ಕೂದಲೆಳೆಯಷ್ಟು ಭೇದವಿರುವುದು, ದಳದ ಅಂಚಿನಲ್ಲಿ ಬೆರಳಿನ ಒತ್ತು ಉಳಿದಿರುವುದು. ರಾಶಿಯಲ್ಲಿ ಈ ಭೇದ ಕುಂದಾಗಿ ಕಾಣುವುದು. ಒಂದೇ ಒಂದನ್ನು ಬೆಳಕಿನಲ್ಲಿ ಇಟ್ಟಾಗ ಅದೇ ಗುರುತಾಗಿ ಕಾಣುವುದು. ನೋಡಿದವರಿಗೆ ಇದು ಒಬ್ಬರ ಕೈಯಿಂದ ಬಂದುದೆಂದು ತಿಳಿದರೆ ಮಾತ್ರ ಅದಕ್ಕೆ ಕೈಯ ಬೆಲೆಯನ್ನು ಕೊಡುವರು. ತಿಳಿಯದಿದ್ದರೆ ಅಚ್ಚಿನ ಬೆಲೆಯನ್ನು ಕೇಳುವರು. ಅಚ್ಚಿನ ಬೆಲೆಗೆ ಕೈ ಬಹುದಿನ ದುಡಿಯಲಾರದು.

ಕೊಳ್ಳುವವರಾದ ನಮಗೂ ಇದರಲ್ಲಿ ಒಂದು ಪಾಲಿದೆ. ಅಂದವಾಗಿ ಜೋಡಿಸಿದ ಮೇಜಿನ ಮುಂದೆ ನಿಂತಾಗ ಮೊದಲು ಬೆಲೆಯನ್ನು ಕೇಳದೆ, “ಇದನ್ನು ಯಾರು ಮಾಡಿದರಮ್ಮ?” ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಬಹುದು. “ನಾನೇ” ಎಂಬ ಉತ್ತರ ಬಂದಲ್ಲಿ, ಚೌಕಾಸಿ ಮಾಡುವುದಕ್ಕೆ ಮೊದಲು ಒಂದು ಗಳಿಗೆ ಕನ್ನಡಿಯನ್ನು ನೋಡಿಕೊಳ್ಳುವುದು ಒಳ್ಳೆಯದು.