ಒಂದು ಚೀಲ, ಒಂದೇ ಟಿಕೇಟು

ಪ್ರೋಗ್ರಾಂ ಬರೆಯುವವರಿಗೆ ಎರರ್ ಬಂದರೆ ಅಷ್ಟೇನೂ ಭಯ ಇಲ್ಲ. ಎರರ್ ಬರದೇ ಉತ್ತರ ತಪ್ಪಿದರೆ ನೋಡ್ರಿ, ನಿದ್ದಿ ಹೋಗ್ತದ.

ಮೊನ್ನೆ ಖಜೂರಿ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಬಿಇ ಕೊನೇ ವರ್ಷ. ಐದು ತೊಗರಿ ಚೀಲದ ತೂಕಗಳನ್ನು ಜಾವಾದ ಇಂಟ್ ಅರೇಯಲ್ಲಿಟ್ಟು, ಅದನ್ನು 'ಅರೇಸ್ ಡಾಟ್ ಆಸ್‌ಲಿಸ್ಟ್'ಗೆ ಕೊಟ್ಟಿದ್ದಾನೆ. ಅದರಲ್ಲಿ 50 ಇದೆಯಾ ಎಂದು 'ಕಂಟೇನ್ಸ್' ಕೇಳಿದರೆ 'ಫಾಲ್ಸ್' ಅನ್ನುತ್ತದೆ. ಅರೇಯಲ್ಲಿ 50 ಕಣ್ಣಿಗೆ ಕಾಣುತ್ತಿದೆ!

"ಅಣ್ಣಾ, ಎಲ್ಲಾ ಬರೋಬ್ಬರಿ ಬರ್ದೀನಿ. ಎರರ್ ಬರ್ಲಾಕತ್ತಿಲ್ಲ. ಕನ್ನಡ ಸಾಲ್ಯಾಗ ಕಲ್ತವರ ತಲೀಗಿ ಇದು ಹತ್ತಂಗಿಲ್ಲೇನೋ" ಅಂದ.

ಆ ಕೊನೇ ಮಾತು ನನಗೆ ಚುಚ್ಚಿತು. ಲಿಸ್ಟಿನ ಸೈಜ್ ಪ್ರಿಂಟ್ ಮಾಡು ಅಂದೆ. 5 ಬರಬೇಕಿತ್ತು, ಬಂದದ್ದು 1.

ಆಳಂದದಿಂದ ಖಜೂರಿಗೆ ಹೋಗುವ ಬಸ್ಸು ನೆನಪಿಸಿಕೊಳ್ಳಿ. ಒಂದು ಮನೆಯ ಐದು ಮಂದಿ ಹತ್ತಿದರೆ ಕಂಡಕ್ಟರ್ ತಲೆ ಎಣಿಸಿ ಟಿಕೇಟು ಕೊಡುತ್ತಾನೆ. ಬಾಯಿ ಕಟ್ಟಿದ ತೊಗರಿ ಚೀಲ ಹತ್ತಿದರೆ? ಕಾಳು ಎಣಿಸುವುದಿಲ್ಲ. ಒಂದು ಚೀಲ, ಒಂದು ಲಗೇಜ್ ಟಿಕೇಟು.

ಜಾವಾ ಮಾಡುವುದೂ ಇಷ್ಟೇ. ಎಷ್ಟು ಬೇಕಾದರೂ ಮೌಲ್ಯ ಕೊಡಬಹುದಾದ ಈ 'ವೇರ್‌ಆರ್ಗ್ಸ್' ಮೆಥಡ್‌ಗಳು 2004ರಲ್ಲಿ ಜಾವಾ 5ರ ಜೊತೆ ಬಂದವು. ಜೆನೆರಿಕ್ಸ್, ಆಟೋಬಾಕ್ಸಿಂಗ್ ಬಂದದ್ದೂ ಆಗಲೇ. ಆಸ್‌ಲಿಸ್ಟ್ ಕೇಳುವುದು ಆಬ್ಜೆಕ್ಟ್‌ಗಳನ್ನು. ಇಂಟ್ ಆಬ್ಜೆಕ್ಟ್ ಅಲ್ಲ. ಆದರೆ ಇಂಟ್ ಅರೇ ಇಡಿಯಾಗಿ ಒಂದು ಆಬ್ಜೆಕ್ಟ್. ಹಾಗಾಗಿ ಇಡೀ ಅರೇ ಲಿಸ್ಟಿನ ಒಂದೇ ಐಟಂ ಆಗಿ ಕೂರುತ್ತದೆ. 10, 20, 30 ಎಂದು ಬಿಡಿಬಿಡಿಯಾಗಿ ಕೊಟ್ಟರೆ ಒಂದೊಂದೂ ತಾನಾಗಿ ಇಂಟೀಜರ್ ಆಗುತ್ತದೆ. ಅರೇಗೆ ಆ ಸೌಲಭ್ಯ ಇಲ್ಲ. ಕಂಟೇನ್ಸ್ ಯಾವ ಆಬ್ಜೆಕ್ಟ್ ಕೊಟ್ಟರೂ ಒಪ್ಪಿಕೊಳ್ಳುವುದರಿಂದ ಕಂಪೈಲರ್ ಕೂಡ ತಕರಾರು ಎತ್ತುವುದಿಲ್ಲ.

ದಾರಿಗಳಿವೆ. ಮೊದಲೇ ಇಂಟೀಜರ್ ಅರೇ ಮಾಡಿ. ಅದು ಚೀಲ ಅಲ್ಲ, ಐದು ಮಂದಿ. ಇಲ್ಲವೇ 2014ರ ಜಾವಾ 8ರಿಂದ ಸಿಕ್ಕಿರುವ ಸ್ಟ್ರೀಮ್ ಹಿಡಿದು 'ಬಾಕ್ಸ್ಡ್' ಕರೆಯಿರಿ. ಮೆಥಡ್ ನಿಮ್ಮದೇ ಆದರೆ 'ಇಂಟ್' ಮುಂದೆ ಮೂರು ಚುಕ್ಕಿ ಇಡಿ, ಇಂಟ್ ಅರೇ ಇದ್ದಂತೆಯೇ ಒಳಗೆ ಹೋಗುತ್ತದೆ. ಫಲಿತಾಂಶವನ್ನು 'ಲಿಸ್ಟ್ ಆಫ್ ಇಂಟೀಜರ್' ಎಂದು ಹೆಸರಿಟ್ಟು ಹಿಡಿದುಕೊಳ್ಳುವ ರೂಢಿ ಇದ್ದರೆ ಇನ್ನೂ ಒಳ್ಳೆಯದು, ಕಂಪೈಲರೇ ಬೈದು ಹೇಳುತ್ತದೆ.

ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಮೀಡಿಯಂ ಮಂದಿಯೂ ಇದೇ ಚೀಲಕ್ಕೆ ಎಡವುತ್ತಿದ್ದಾರೆ. ಸಾಲಿ ಯಾವುದಾದರೇನು, ಅನುಮಾನ ಬಂದಾಗ ಮೊದಲು ಸೈಜ್ ಕೇಳಬೇಕು.