ಹೊಗೆ ತಾಕಬಾರದ ಹೊಗೆಸೊಪ್ಪು

ನಮ್ಮ ಆಫೀಸಿನಲ್ಲಿ ಬಾರ್ಬೆಕ್ಯೂ ಹುಚ್ಚು ಹತ್ತಿದವರದ್ದೇ ಒಂದು ವಾಟ್ಸಾಪ್ ಗ್ರೂಪ್ ಇದೆ. ಹತ್ತು ಹನ್ನೆರಡು ಗಂಟೆ ನಿಧಾನಕ್ಕೆ ಮಾಂಸ ಬೇಯಿಸೋದು ಹೇಗೆ, ಯಾವ ಸೌದೆ ಒಳ್ಳೇದು, ದಟ್ಟ ಬಿಳಿ ಹೊಗೆ ಬಂದರೆ ಏನು ಮಾಡಬೇಕು ಅಂತ ದಿನವಿಡೀ ಚರ್ಚೆ. ಹಿಕರಿ ಮರದ ಚಕ್ಕೆಯನ್ನು ಅಮೆರಿಕದಿಂದ ತರಿಸೋರೂ ಇದ್ದಾರೆ! ನಾನು ಅವರಿಗೆಲ್ಲ ಹೇಳೋದು ಇಷ್ಟೇ: ಆಗಸ್ಟ್‌ನಲ್ಲಿ ಒಂದು ವೀಕೆಂಡ್ ಅರಕಲಗೂಡು ಕಡೆ ಹೋಗಿ ಬನ್ನಿ. ಅಲ್ಲಿ ಐದಾರು ದಿನ, ಹಗಲೂ ರಾತ್ರಿ, ಒಂದೇ ಉರಿ ಕಾಯೋ ಜನ ಇದ್ದಾರೆ.

ಬೆಂಗಳೂರಿಂದ ಹಾಸನದ ಹೆದ್ದಾರಿ ಹಿಡಿದರೆ ದಾರಿಯಲ್ಲಿ ಸಿಗುತ್ತೆ ಚನ್ನರಾಯಪಟ್ಟಣ. ತೆಂಗಿನ ಸೀಮೆ. ಇಲ್ಲಿ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಹಾಗೇ ಬಿಡ್ತಾರೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗುಡುಗುಡು ಅನ್ನೋವಾಗ ಒಡೆದರೆ ಉಂಡೆ ಕೊಬ್ಬರಿ. ಉಳಿಯೋ ಕರಟವನ್ನು ಸುಟ್ಟು ಮಾಡಿದ ಇದ್ದಿಲಿಗೆ ಹೊಗೆ ಕಡಿಮೆ, ಕಾವು ಜಾಸ್ತಿ. ಗ್ರೂಪಿನವರು ಆನ್‌ಲೈನ್‌ನಲ್ಲಿ ದುಡ್ಡು ಸುರಿದು ತರಿಸೋ 'ಕೋಕನಟ್ ಚಾರ್ಕೋಲ್' ಅಂದರೆ ಇದೇ.

ಇನ್ನೊಂದು ವಿಷಯ. ಬಯಲುಸೀಮೆಯ ಕೆರೆ ಅಂಗಳದಲ್ಲಿ ಬೇಡ ಅಂದರೂ ಬೆಳೆಯೋ ಬಳ್ಳಾರಿ ಜಾಲಿ, ಟೆಕ್ಸಾಸ್‌ನವರು ಬಾರ್ಬೆಕ್ಯೂಗೆ ಬಳಸೋ ಮೆಸ್ಕೀಟ್ ಮರದ ಹತ್ತಿರದ ನೆಂಟ. ನಾವು ಬೈಯೋ ಗಿಡಕ್ಕೆ ಅಲ್ಲಿ ಅಷ್ಟು ಮರ್ಯಾದೆ.

ಹೊಳೆನರಸೀಪುರದಲ್ಲಿ ಹೇಮಾವತಿ ನೋಡಿಕೊಂಡು, ಕಾಫಿ ಕುಡಿದು ಮುಂದೆ ಹೊರಡಿ. ಭಾನುವಾರವಾದರೆ ದಾರಿಯಲ್ಲಿ ಯಾವುದಾದರೂ ಮಟನ್ ಅಂಗಡಿ ಮುಂದೆ ಒಂದು ನಿಮಿಷ ನಿಲ್ಲಿ. ತಲೆ-ಕಾಲು ಸುಡೋರು ಕೊಳ್ಳಿಯನ್ನು ಹಿಂದೆ ಮುಂದೆ ಜರುಗಿಸುತ್ತಾ ಕೂದಲಷ್ಟೇ ಸುಟ್ಟು ಚರ್ಮ ಉಳಿಸೋದನ್ನು ನೋಡಿದರೆ ಉರಿ ಅಂದರೇನು ಅಂತ ಅರ್ಧ ಗೊತ್ತಾಗುತ್ತೆ. ಉಳಿದರ್ಧ ಅರಕಲಗೂಡಿನಲ್ಲಿ.

ಅರಕಲಗೂಡು ತಾಲೂಕು, ಅದರಲ್ಲೂ ರಾಮನಾಥಪುರದ ಸುತ್ತಮುತ್ತ, ವರ್ಜೀನಿಯಾ ಹೊಗೆಸೊಪ್ಪಿನ ಜಾಗ. ಪಕ್ಕದ ಪಿರಿಯಾಪಟ್ಟಣ, ಹುಣಸೂರಿನ ಹಾಗೇ ಇಲ್ಲೂ ಮಳೆ ನಂಬಿದ ಬೆಳೆ. ಹೊಲದ ಮಧ್ಯೆ ಕಿಟಕಿ ಇಲ್ಲದ, ಎತ್ತರದ, ಮೇಲೆ ಚಿಮಣಿ ಇರೋ ಕಟ್ಟಡ ಕಂಡರೆ ಅದೇ ಬ್ಯಾರನ್. ನಮ್ಮ ದೊಡ್ಡಪ್ಪನದೂ ಒಂದಿದೆ. ಹೆಂಗಸರು ಹಸಿ ಎಲೆಯನ್ನು ದಾರದಲ್ಲಿ ಕಡ್ಡಿಗೆ ಕಟ್ಟಿ ಕೊಡ್ತಾರೆ, ಗಂಡಸರು ಅದನ್ನು ಒಳಗೆ ಸಾಲು ಸಾಲಾಗಿ ತೂಗುಹಾಕ್ತಾರೆ. ಒಲೆಯ ಬಾಯಿ ಹೊರಗಡೆ. ಬೆಂಕಿಯ ಬಿಸಿ ಮತ್ತು ಹೊಗೆ ದಪ್ಪ ಕಬ್ಬಿಣದ ಪೈಪಿನೊಳಗೇ ಬ್ಯಾರನ್ ಸುತ್ತು ಹಾಕಿ ಚಿಮಣಿಯಿಂದ ಆಚೆ ಹೋಗುತ್ತೆ. ಎಲೆಗೆ ಪೈಪಿನ ಕಾವು ಮಾತ್ರ. ಹೆಸರಿಗೆ ಹೊಗೆಸೊಪ್ಪು, ಆದರೆ ಬೇಯುವಾಗ ಅದಕ್ಕೆ ಹೊಗೆ ತಾಕಲೇಬಾರದು! ಪೈಪ್ ತೂತಾಗಿ ಹೊಗೆ ಒಳಗೆ ಸೋರಿದರೆ ಬಣ್ಣ, ವಾಸನೆ ಎರಡೂ ಕೆಡುತ್ತೆ, ಹರಾಜಿನಲ್ಲಿ ರೇಟು ಬಿದ್ದುಹೋಗುತ್ತೆ.

ಮೊದಲೆರಡು ದಿನ ಉರಿ ಇದ್ದೂ ಇಲ್ಲದ ಹಾಗೆ. 95-100 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಮೈ ಕಾವಿನಷ್ಟೇ. ಎಲೆ ಇನ್ನೂ ಜೀವಂತ ಇರುತ್ತೆ, ನಿಧಾನಕ್ಕೆ ಹಸಿರು ಬಿಟ್ಟು ಹಳದಿಗೆ ತಿರುಗುತ್ತೆ. ಇಲ್ಲಿ ಆತುರಪಟ್ಟು ಕಾವು ಏರಿಸಿದರೆ ಹಸಿರು ಹಾಗೇ ನಿಂತುಬಿಡುತ್ತೆ, ಆಮೇಲೆ ಏನು ಮಾಡಿದರೂ ಹೋಗಲ್ಲ. ಹಳದಿ ಬಂದ ಮೇಲೆ ಗಾಳಿಕಿಂಡಿ ತೆಗೆದು ತೇವ ಹೊರಗೆ ಬಿಡುತ್ತಾ ಸ್ವಲ್ಪ ಸ್ವಲ್ಪ ಏರಿಸಬೇಕು. ಎಲೆಯ ಅಗಲ ಒಣಗಿದರೂ ನಡುವಿನ ದಂಟು ಹಸಿಯಾಗೇ ಇರುತ್ತೆ. ಅದು ಒಣಗೋಕೆ ಕೊನೆಗೆ 160 ಡಿಗ್ರಿ. ಟೆಕ್ಸಾಸ್‌ನವರ ನಿಧಾನದ ಅಡುಗೆಯೇ 225ರ ಆಸುಪಾಸು ಅಂದರೆ ಇದು ಎಷ್ಟು ನಿಧಾನ ಲೆಕ್ಕ ಹಾಕಿ.

ಆ ಕೊನೆಯ ರಾತ್ರಿಗಳೇ ಭಯ. ಒಣಗಿದ ಎಲೆಯೊಂದು ಕಾದ ಪೈಪಿನ ಮೇಲೆ ಬಿದ್ದರೆ ಇಡೀ ಬ್ಯಾರನ್ ಹೊತ್ತಿಕೊಳ್ಳಬಹುದು. ಒಂದು ಲೋಡ್ ಸೊಪ್ಪು, ಮನೆಯವರೆಲ್ಲರ ತಿಂಗಳುಗಟ್ಟಲೆ ಕೆಲಸ, ಬೆಳಗಾಗೋದರೊಳಗೆ ಬೂದಿ. ಅದಕ್ಕೇ ದೊಡ್ಡಪ್ಪ ಒಲೆ ಬಾಯಿ ಪಕ್ಕದಲ್ಲೇ ಚಾಪೆ ಹಾಸಿ ಮಲಗ್ತಾರೆ. ಮಲಗ್ತಾರೆ ಅನ್ನೋದು ಮಾತಿಗೆ. ಗಂಟೆಗೊಂದು ಸಲ ಎದ್ದು ಥರ್ಮಾಮೀಟರ್ ನೋಡಿ, ಕೊಳ್ಳಿ ಒಳಕ್ಕೆ ತಳ್ತಾರೆ. "ಮಗ ಅತ್ತಾಗ ಏಳಲ್ವೇನೋ, ಹಂಗೇ" ಅಂತಾರೆ.

ಸೌದೆ ವಿಷಯಕ್ಕೆ ಬಂದರೆ, ಬ್ಯಾರನ್ನಿಗೆ ನೀಲಗಿರಿ, ಸಿಲ್ವರ್ ಓಕ್, ಸರ್ವೆ ಯಾವುದಾದರೂ ನಡೆಯುತ್ತೆ, ಹೊಗೆ ಹೇಗೂ ಆಚೆ ಹೋಗುತ್ತಲ್ಲ. ಒಣಗಿರಬೇಕು ಅಷ್ಟೇ. ಹಸಿ ಸೌದೆಯಲ್ಲಿ ಒಂದಿಷ್ಟು ಕಾವು ಅದರ ನೀರು ಆರಿಸೋಕೇ ಖರ್ಚಾಗಿ, ಬಿಳಿ ಹೊಗೆ ಎದ್ದು ಪೈಪಿನೊಳಗೆ ಮಸಿ ಕಟ್ಟುತ್ತೆ. ಬೇಯಿಸೋದು ಮಳೆಗಾಲದಲ್ಲಿ, ಆದ್ದರಿಂದ ಬೇಸಿಗೆಯಲ್ಲೇ ತಂದು ಸೂರಿನಡಿ ಒಟ್ಟಬೇಕು. ಒಂದು ಕೆಜಿ ಸೊಪ್ಪು ಹದವಾಗೋಕೆ ನಾಲ್ಕೈದು ಕೆಜಿ ಸೌದೆ ಬೇಕು. ಸಾವಿರ ಕೆಜಿಗೆ ನಾಲ್ಕೈದು ಟನ್! ಇಷ್ಟೊಂದು ಮರ ಎಲ್ಲಿಂದ ಬರುತ್ತೆ ಅನ್ನೋದು ಈ ಸೀಮೆಯಲ್ಲಿ ಯಾರಿಗೂ ಇಷ್ಟವಿಲ್ಲದ ಪ್ರಶ್ನೆ. ನಾನು ಕೇಳಿದಾಗ ದೊಡ್ಡಪ್ಪ ಅಂದದ್ದು: "ಸೌದೆ ಲೆಕ್ಕ ಹಾಕ್ಬಾರ್ದು ಕಣೋ. ಹಾಕುದ್ರೆ ಬೆಳೆ ಇಡೋಕೆ ಮನಸ್ಸಾಗಕ್ಕಿಲ್ಲ."

ಅಣ್ಣ, ಅಂದರೆ ದೊಡ್ಡಪ್ಪನ ಮಗ, ಬೆಂಗಳೂರಲ್ಲಿದ್ದಾನೆ. ಲೈಸೆನ್ಸ್ ಬಿಟ್ಟು ಶುಂಠಿ ಹಾಕಿ ಅಂತ ಅವನ ವಾದ. ಶುಂಠಿ ಒಂದು ವರ್ಷ ಏರಿದರೆ ಇನ್ನೊಂದು ವರ್ಷ ನೆಲ ಕಚ್ಚುತ್ತೆ, ರಾಮನಾಥಪುರದ ತಂಬಾಕು ಮಂಡಳಿ ಹರಾಜಿನಲ್ಲಾದರೆ ರೇಟು ಅವತ್ತೇ ಕಣ್ಣಮುಂದೆ ಗೊತ್ತಾಗುತ್ತೆ ಅಂತ ಇವರ ವಾದ. ನಾನು ಸಿಗರೇಟು ಸೇದಲ್ಲ, ಸೇದೋರನ್ನು ಕಂಡರೂ ಆಗಲ್ಲ. ಆದರೂ ಅಣ್ಣನ ಇಂಜಿನಿಯರಿಂಗ್ ಫೀಸು ಈ ಒಲೆಯಿಂದಲೇ ಬಂದದ್ದು ಅನ್ನೋದು ನನಗೂ ಗೊತ್ತು, ಅವನಿಗೂ ಗೊತ್ತು. ಈ ಸಲ ಬ್ಯಾರನ್ ಹಚ್ಚಿದ್ದಾರೆ. ರಾತ್ರಿ ಕಾಯೋಕೆ ಮಾತ್ರ ಮೊದಲ ಸಲ ಕೂಲಿಗೆ ಒಬ್ಬರನ್ನು ಇಟ್ಟುಕೊಂಡಿದ್ದಾರೆ. ಆದರೂ ಚಾಪೆ ಅಲ್ಲೇ ಇದೆ.

ಬಾರ್ಬೆಕ್ಯೂ ಗೆಳೆಯರೇ, ನಿಮ್ಮ ಮಾಂಸಕ್ಕೆ ಹೊಗೆ ತಾಕುತ್ತೆ, ಆದ್ದರಿಂದ ಎಣ್ಣೆ ವಾಸನೆಯ ನೀಲಗಿರಿ ಬೇಡ. ಕಣಗಿಲೆಯಂತೂ ವಿಷ, ಕಡ್ಡಿಯೂ ಬೇಡ. ಮಾವು, ಸೀಬೆ, ಹುಣಸೆ ಸಾಕು. ಒಣಗಿದ್ದನ್ನು ಒಂದೊಂದೇ ಹಾಕಿ, ಗಾಳಿ ಆಡೋಕೆ ಬಿಡಿ. ಹೊಗೆ ತೆಳ್ಳಗೆ, ನೀಲಿ ಛಾಯೆಯಲ್ಲಿದ್ದರೆ ಸರಿಯಾಗಿದೆ ಅಂತ.

ಹೋಗೋರು ಜುಲೈನಿಂದ ಸೆಪ್ಟೆಂಬರ್ ಒಳಗೆ ಹೋಗಿ. ಬ್ಯಾರನ್ ಬಾಗಿಲು ನೀವಾಗೇ ತೆಗೀಬೇಡಿ, ಕೇಳಿದರೆ ಅವರೇ ಥರ್ಮಾಮೀಟರ್ ತೋರಿಸ್ತಾರೆ. ಕೆಂಡದಲ್ಲಿ ಹಾಸನದ ಆಲೂಗಡ್ಡೆ ಹೂತಿಟ್ಟು ಕೊಟ್ಟರೆ ಬೇಡ ಅನ್ನಬೇಡಿ. ಹಾಗೇ ರಾಮನಾಥಪುರದಲ್ಲಿ ಕಾವೇರಿ ದಡಕ್ಕೆ ಇಳಿದು ದೊಡ್ಡ ದೊಡ್ಡ ಮೀನು ನೋಡಿ ಬನ್ನಿ. ಅಲ್ಲಿ ಹಿಡಿಯೋ ಹಾಗಿಲ್ಲ. ಆ ಮಡುವಿನ ಹೆಸರು ವಹ್ನಿ ಪುಷ್ಕರಿಣಿ. ವಹ್ನಿ ಅಂದರೆ ಬೆಂಕಿ.