ಬನವಾಸಿಯ ರಾಣಿ ಕಟ್ಟಿಸಿದ ವಿಹಾರ

ನಾಗಾರ್ಜುನಸಾಗರ

ತೀರ್ಥರೂಪ ಅಪ್ಪಯ್ಯನವರಿಗೆ,

ಇವತ್ತು ಲಾಂಚಿನಲ್ಲಿ ನಾಗಾರ್ಜುನಕೊಂಡಕ್ಕೆ ಹೋಗಿಬಂದೆವು. ದ್ವೀಪ ಅನ್ನುತ್ತಾರೆ, ಅಸಲಿಗೆ ಅದು ಬೆಟ್ಟದ ನೆತ್ತಿ. ಇಕ್ಷ್ವಾಕುಗಳ ರಾಜಧಾನಿ ವಿಜಯಪುರಿಯಿದ್ದ ಕಣಿವೆ ಕೃಷ್ಣೆಯ ನೀರಿನಡಿ ಸೇರಿದೆ. ಮುಳುಗುವ ಮೊದಲು, 1954ರಿಂದ 1960ರವರೆಗೆ ಅಗೆದು, ಸಿಕ್ಕಿದ್ದರಲ್ಲಿ ಆದಷ್ಟನ್ನು ಮೇಲಕ್ಕೆ ಸಾಗಿಸಿದರಂತೆ.

ನಿಮಗೆ ಬರೆಯಲೇಬೇಕಾದ ಸಂಗತಿ ಬೇರೆ ಇದೆ. ಮೂರನೇ ಶತಮಾನದ ಸುಮಾರಿಗೆ ಈ ಒಂದೇ ಕಣಿವೆಯಲ್ಲಿ ಅಪರಮಹಾವಿನಸೇಲಿಯ, ಬಹುಶ್ರುತೀಯ, ಮಹೀಶಾಸಕ ಮುಂತಾದ ಬೌದ್ಧ ಪಂಥಗಳ ವಿಹಾರಗಳಿದ್ದವು. ಇಕ್ಷ್ವಾಕು ರಾಜ ಚಾಂತಮೂಲ ಅಶ್ವಮೇಧ ಮಾಡಿದವನು. ಆದರೂ ಅವನ ಮನೆಯ ಹೆಂಗಸರು ಭಿಕ್ಷುಗಳಿಗೆ ಕೈಬಿಚ್ಚಿ ಕೊಟ್ಟರು. ಅವರಲ್ಲೊಬ್ಬಳು, ಮೊಮ್ಮಗಳು ಕೊಡಬಲಿಸಿರಿ, ನಮ್ಮ ಸೀಮೆಗೆ ಬಂದ ಸೊಸೆ. ವನವಾಸದ, ಅಂದರೆ ಬನವಾಸಿಯ, ಮಹಾರಾಜನ ಹೆಂಡತಿ! ಒಡಹುಟ್ಟಿದ ಏಹುವಲನ ಆಳ್ವಿಕೆಯ 11ನೇ ವರ್ಷ ತವರಿನಲ್ಲಿ ಮಹೀಶಾಸಕ ಆಚಾರ್ಯರಿಗೆ ವಿಹಾರ ಕಟ್ಟಿಸಿ ಕಂಬ ನಿಲ್ಲಿಸಿದಳು.

ಇಲ್ಲಿಯ ಬ್ರಾಹ್ಮಿ ಲಿಪಿಯನ್ನು ನೀವು ನೋಡಬೇಕಿತ್ತು. ಸುಣ್ಣಕಲ್ಲಿನ ಮೇಲೆ ಅಕ್ಷರಗಳ ಕಾಲು ಉದ್ದಕ್ಕೆ ಇಳಿದು ತುದಿಯಲ್ಲಿ ಕೊಂಕುತ್ತದೆ. ಕೆತ್ತಿದವನಿಗೆ ಅವಸರವೇ ಇದ್ದಿರಲಿಕ್ಕಿಲ್ಲ.

ಈ ಮಹೀಶಾಸಕರ ಮತ ನಿಮ್ಮಂಥ ವಾದಪ್ರಿಯರಿಗೆ ಹೇಳಿ ಮಾಡಿಸಿದ್ದು. ಉತ್ತರದಲ್ಲಿ ಬಲವಾಗಿದ್ದ ಸರ್ವಾಸ್ತಿವಾದಿಗಳ ಪ್ರಕಾರ ಧರ್ಮಗಳು, ಅಂದರೆ ಅನುಭವವನ್ನು ಬಿಡಿಸಿದಾಗ ಸಿಗುವ ಮೂಲ ಅಂಶಗಳು, ಭೂತ, ವರ್ತಮಾನ, ಭವಿಷ್ಯ ಮೂರರಲ್ಲೂ ಇವೆ. ಹಿಂದಿನದು ಇಲ್ಲವೇ ಇಲ್ಲವಾದರೆ ಮಾಡಿದ ಕರ್ಮ ಫಲ ಕೊಡುವುದು ಹೇಗೆ? ನೆನಪಾಗುವಾಗ ಮನಸ್ಸು ಹಿಡಿಯುವುದು ಏನನ್ನು? ಮಹೀಶಾಸಕರು ಇದನ್ನು ಒಪ್ಪಲಿಲ್ಲ: ಭೂತವೂ ಇಲ್ಲ, ಭವಿಷ್ಯವೂ ಇಲ್ಲ, ಇರುವುದು ಈಗಿನದಷ್ಟೇ. ನನಗೇನೋ ಸರ್ವಾಸ್ತಿವಾದಿಗಳ ಪ್ರಶ್ನೆಗಳೇ ಗಟ್ಟಿ ಅನ್ನಿಸಿದವು. ನೀವು ಬೈದರೂ ಸರಿ. ರಾಣಿಯಾದರೂ, ಭೂತವೇ ಇಲ್ಲವೆಂದವರಿಗೆ ಕೊಟ್ಟ ಕಂಬದ ಮೇಲೆ ಅಜ್ಜ, ಅಪ್ಪ, ಸಹೋದರ, ಗಂಡ ಎಲ್ಲರನ್ನೂ ಸಾಲಾಗಿ ಬರೆಸಿದ್ದಾಳೆ. ತವರಿನ ಅಭಿಮಾನ ಸಿದ್ಧಾಂತ ಕೇಳುತ್ತದೆಯೇ!

ಈ ಮಹೀಶಾಸಕರ ವಿನಯಗ್ರಂಥ, ಅಂದರೆ ಭಿಕ್ಷುಗಳ ನಿಯಮಗಳ ಪುಸ್ತಕ, ಚೀನೀ ಯಾತ್ರಿಕ ಫಾಹಿಯಾನನಿಗೆ ಸಿಂಹಳದಲ್ಲಿ ಸಿಕ್ಕಿತು. ಐದನೇ ಶತಮಾನದಲ್ಲಿ ಅದು ಚೀನೀ ಭಾಷೆಗೆ ಹೋಯಿತು. ಇವತ್ತಿಗೂ ಅಲ್ಲಿ ಉಳಿದಿದೆ.

ಒಂದು ಕೆಲಸ ಹೇಳುತ್ತೇನೆ, ಬೇಸರಿಸಬೇಡಿ. ಮುಂದಿನ ಸಲ ಬನವಾಸಿಗೆ ಹೋದಾಗ ಮಧುಕೇಶ್ವರ ದೇವಸ್ಥಾನದ ನಾಗಶಿಲೆಯನ್ನು ನಿಂತು ನೋಡಿ. ಚುಟು ವಂಶದ ರಾಜನ ಮಗಳೊಬ್ಬಳು ನಾಗ, ಕೆರೆ, ವಿಹಾರ ಮೂರನ್ನೂ ಕೊಟ್ಟಳೆಂದು ಅದರ ಪ್ರಾಕೃತ ಶಾಸನ ಹೇಳುತ್ತದೆ. ಅಕ್ಷರಗಳು ಕಾಣುವಂತೆ ಫೋಟೋ ತೆಗೆಸಿ ಕಳಿಸಿ. ಅಮ್ಮನಿಗೆ ನಮಸ್ಕಾರ.

ನಿಮ್ಮ ಮಗಳು